ಪೋರ್ಚುಗಲ್‌ಗೆ ಒಬ್ಬಳೇ ಹೋಗಬಹುದಾ? ಹೋಗಿ ಬಂದವಳ ಉತ್ತರ

ನೀವು ಕೇಳಿದ್ದು: ಜರ್ಮನಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ, ಮಾರ್ಚ್‌ನಲ್ಲಿ ಹತ್ತು ದಿನ ಬಿಡುವಿದೆ, ಜೊತೆಗೆ ಬರುತ್ತೇನೆಂದವರು ಕೈಕೊಟ್ಟರು. ಪೋರ್ಚುಗಲ್‌ನ ಪೇಟೆಗಳು, ಕಡಲತೀರ ನೋಡಲು ಒಬ್ಬಳೇ ಹೋಗಬಹುದಾ? ಖರ್ಚೆಷ್ಟು? ಏನು ನೋಡಲೇಬೇಕು?

ಹೋಗಿ. ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ಮೂವರು ಸೇರಿ ಟಿಕೆಟ್ ಮಾಡಿದ್ದೆವು. ಒಬ್ಬಳಿಗೆ ಪರೀಕ್ಷೆಯ ದಿನ ಬದಲಾಯಿತು, ಇನ್ನೊಬ್ಬಳ ಥೀಸಿಸ್ ಮುಗಿಯಲಿಲ್ಲ. ನನ್ನ ಟಿಕೆಟ್ಟಿನ ದುಡ್ಡು ವಾಪಸ್ ಬರುವ ಹಾಗಿರಲಿಲ್ಲ. ಅದು ವಾಪಸ್ ಬರುವ ಹಾಗಿದ್ದಿದ್ದರೆ ನಾನೂ ಹೋಗುತ್ತಿರಲಿಲ್ಲವೇನೋ, ಸುಳ್ಳು ಯಾಕೆ ಹೇಳಲಿ. ಊರಿಗೆ ಫೋನ್ ಮಾಡಿದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಒಬ್ಳೇ ಹೋಪುಕೆ ನಿಂಗೆಂತ ಮಂಡೆ ಸಮ ಇಲ್ಯಾ?" ನಮ್ಮೂರು ಕುಂದಾಪುರದ ಹತ್ತಿರದ ಗಂಗೊಳ್ಳಿ. ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ಮೊದಲು ಕಾಗದಪತ್ರ. ನಿಮ್ಮ ಹತ್ತಿರ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಬೇರೆ ವೀಸಾ ಬೇಡ. ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳೊಳಗೆ 90 ದಿನ ಓಡಾಡಬಹುದು. ಕಾರ್ಡ್ ಇದೆಯೆಂದು ಪಾಸ್‌ಪೋರ್ಟ್ ಬಿಟ್ಟು ಹೋಗಬೇಡಿ, ಎರಡೂ ಬೇಕು. ಸರ್ಕಾರಿ ಆರೋಗ್ಯ ವಿಮೆಯಾದರೆ ಆ ಕಾರ್ಡಿನ ಹಿಂಬದಿಯನ್ನೊಮ್ಮೆ ನೋಡಿ. ನೀಲಿ ಬಣ್ಣದ ಆ ಬದಿಯೇ ಯುರೋಪಿನ ಕಾರ್ಡ್, ಅಲ್ಲಿಯೂ ನಡೆಯುತ್ತದೆ. ಖಾಸಗಿ ವಿಮೆಯಾದರೆ ಕಂಪನಿಯವರನ್ನೇ ಕೇಳಿ.

ಖರ್ಚು: ವಿಮಾನ, ಹಾಸ್ಟೆಲ್, ಓಡಾಟ, ಊಟ ಎಲ್ಲ ಸೇರಿ ನನಗೆ 560 ಯೂರೋ ಆಯಿತು. ಹಾಸ್ಟೆಲ್ ಹಾಸಿಗೆ ರಾತ್ರಿಗೆ ಸುಮಾರು 20. ಬೇಸಿಗೆಯಲ್ಲಿ ಈ ಲೆಕ್ಕ ಹಿಡಿಯಬೇಡಿ. ಪೋರ್ಟೋದಲ್ಲಿ ಇಳಿದೆ, ಅಲ್ಲಿಂದ ರೈಲಿನಲ್ಲಿ ಲಿಸ್ಬನ್, ಆಮೇಲೆ ದಕ್ಷಿಣದ ಲಾಗೋಸ್, ಕೊನೆಗೆ ಫಾರೋದಿಂದ ವಿಮಾನ ಹತ್ತಿದೆ. ಹೀಗೆ ಮೇಲಿಂದ ಕೆಳಗೆ ಇಳಿದರೆ ಹೋದ ದಾರಿಯಲ್ಲೇ ಮತ್ತೆ ಬರುವ ಕೆಲಸವಿಲ್ಲ. ಪೋರ್ಟೋ–ಲಿಸ್ಬನ್ ರೈಲಿನಲ್ಲಿ ಸುಮಾರು ಮೂರು ಗಂಟೆ. ಟಿಕೆಟ್ ಮುಂಚೆಯೇ ತೆಗೆದರೆ ತುಂಬ ಅಗ್ಗ.

ಪೋರ್ಟೋಗೆ ಎರಡು ದಿನ ಸಾಕು. ಸಾವೋ ಬೆಂತೋ ರೈಲು ನಿಲ್ದಾಣದ ಗೋಡೆಗಳಲ್ಲಿ ಸುಮಾರು 20,000 ನೀಲಿ ಹೆಂಚುಗಳ ಮೇಲೆ ಯುದ್ಧ, ಮೆರವಣಿಗೆ, ಸುಗ್ಗಿ ಎಲ್ಲ ಬರೆದಿದ್ದಾರೆ. ಟಿಕೆಟ್ ಇಲ್ಲದೆ ಒಳಗೆ ನಿಂತು ನೋಡಬಹುದು. ದೋರು ನದಿಯ ಮೇಲಿನ ಎರಡಂತಸ್ತಿನ ಕಬ್ಬಿಣದ ಸೇತುವೆಯನ್ನು ಐಫೆಲ್ ಕಟ್ಟಿದ್ದೆಂದು ಅರ್ಧ ಜನ ಹೇಳುತ್ತಾರೆ. ಅಲ್ಲ, 1886ರ ಆ ಸೇತುವೆ ಐಫೆಲ್‌ನ ಹಳೆಯ ಪಾಲುದಾರ ಸೇರಿಗ್‌ನ ವಿನ್ಯಾಸ. ಐಫೆಲ್ ಕಂಪನಿ ಕಟ್ಟಿದ್ದು ಅದೇ ನದಿಯಲ್ಲಿ ಸ್ವಲ್ಪ ಮೇಲಕ್ಕೆ, 1877ರಲ್ಲಿ ಮುಗಿದ ರೈಲು ಸೇತುವೆ. ಎರಡಂತಸ್ತಿನ ಸೇತುವೆಯ ಮೇಲಿನ ಅಂತಸ್ತಿನಲ್ಲಿ ಮೆಟ್ರೋ ಓಡುತ್ತದೆ, ಅದರ ಪಕ್ಕದಲ್ಲೇ ನಡೆದುಕೊಂಡು ದಾಟಬಹುದು. ಎತ್ತರ ಕಂಡರೆ ತಲೆ ತಿರುಗುವವರು ಕೆಳಗಿನದರಲ್ಲಿ ದಾಟಿ.

ಲಿಸ್ಬನ್‌ನಲ್ಲಿ ಏನು ನೋಡಬೇಕೆಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ಒಂದು ಜಾಗ ಮಾತ್ರ ತಪ್ಪಿಸಬೇಡಿ: ಛಾವಣಿಯಿಲ್ಲದ ಕಾರ್ಮೋ ಮಠ. 1755ರ ನವೆಂಬರ್ 1, ಸಕಲ ಸಂತರ ಹಬ್ಬ, ಜನ ಚರ್ಚುಗಳಲ್ಲಿ ತುಂಬಿದ್ದ ಬೆಳಗ್ಗೆ ಭೂಕಂಪ. ಅದರ ಬೆನ್ನಿಗೆ ಸುನಾಮಿ, ಅದರ ಮೇಲೆ ದಿನಗಟ್ಟಲೆ ಬೆಂಕಿ. ಮಠದ ಕಲ್ಲಿನ ಕಮಾನುಗಳು ಮೀನಿನ ಮುಳ್ಳಿನ ಹಾಗೆ ಈಗಲೂ ಆಕಾಶಕ್ಕೆ ಚಾಚಿ ನಿಂತಿವೆ. ಅಲ್ಲಿಂದ ಕೆಳಗಿಳಿದರೆ ಗೆರೆ ಎಳೆದಂತಹ ನೇರ ಬೀದಿಗಳ ಬೈಶಾ ಪೇಟೆ. ಭೂಕಂಪದ ನಂತರ ಮಂತ್ರಿ ಪೊಂಬಾಲ್ ಕಟ್ಟಿಸಿದ್ದು. ಅಲ್ಲಿನ ಗೋಡೆಗಳೊಳಗೆ ಮರದ ಪಂಜರವಿದೆ. ನೆಲ ನಡುಗಿದರೆ ಮನೆ ಬಾಗಲಿ, ಬೀಳದಿರಲಿ ಎಂದು. ಅದರ ಮಾದರಿಯೊಂದನ್ನು ಮಾಡಿ, ಸುತ್ತ ಸೈನಿಕರನ್ನು ಹೆಜ್ಜೆ ಹಾಕಿಸಿ ಪರೀಕ್ಷೆ ಮಾಡಿದರಂತೆ. ಮೊದಲು ಮಠ, ಆಮೇಲೆ ಈ ಬೀದಿ ನೋಡಿದರೆ ಊರು ಅರ್ಥವಾಗುತ್ತದೆ.

28ನೇ ನಂಬರಿನ ಹಳದಿ ಟ್ರಾಮ್ ಚೆಂದವೇ, ಆದರೆ ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಜೇಬುಗಳ್ಳರಿಗೆ ಅದೇ ಅನ್ನದ ಬಟ್ಟಲು. ಬೆಳಗ್ಗೆ ಏಳಕ್ಕೇ ಹತ್ತಿ. ಬೈಶಾದಲ್ಲಿ ಕೆಲವರು ಹತ್ತಿರ ಬಂದು ಪಿಸುಗುಟ್ಟುತ್ತಾ ಗಾಂಜಾ ಬೇಕಾ ಎಂದು ಕೇಳುತ್ತಾರೆ. ಹೆಚ್ಚಿನ ಸಲ ಅವರು ಮಾರುವುದು ಒಣಗಿಸಿ ಒತ್ತಿದ ಎಲೆಯಂತೆ, ನಮ್ಮ ಪಲಾವಿನ ಎಲೆಯ ಜಾತಿಯದು! ತಲೆ ಎತ್ತದೆ ಮುಂದೆ ಹೋದರಾಯಿತು, ಬೆನ್ನು ಹತ್ತುವುದಿಲ್ಲ. ಇನ್ನು ಆ ಕಪ್ಪುಬಿಳುಪು ಕಲ್ಲಿನ ಫುಟ್‌ಪಾತ್ ಮಳೆ ಬಂದರೆ ಪಾಚಿ ಕಟ್ಟಿದ ಬಾವಿಕಟ್ಟೆ. ನಾನು ಎರಡು ಸಲ ಜಾರಿದೆ.

ಲಿಸ್ಬನ್‌ನದೇ ಬಡಾವಣೆಯಾದ ಬೆಲೆಂಗೆ ಹೋದದ್ದು ವಾಸ್ಕೋ ಡ ಗಾಮಾನ ಸಮಾಧಿ ನೋಡಲು. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನು ಈಗ ಜೆರೋನಿಮೋಸ್ ಮಠದ ಚರ್ಚಿನಲ್ಲಿ ಕಲ್ಲಾಗಿ ಕೈಮುಗಿದು ಮಲಗಿದ್ದಾನೆ. (ಮಠ ಸೋಮವಾರ ಮುಚ್ಚಿರುತ್ತದೆ.) ಹೊಳೆದಂಡೆಯಲ್ಲಿ 52 ಮೀಟರ್ ಎತ್ತರದ ನಾವಿಕರ ಸ್ಮಾರಕ, ಅದರ ಮುಂದೆ ನೆಲದ ಮೇಲೆ ಕಲ್ಲಿನಲ್ಲಿ ಹಾಸಿದ ಭೂಪಟ. ನಮ್ಮ ಕರಾವಳಿ ಎಲ್ಲಿ ಬರಬೇಕೋ ಅಲ್ಲಿ ಹೋಗಿ ನಿಂತೆ. ನಮ್ಮೂರಿನ ಹತ್ತಿರದ ಬಸ್ರೂರನ್ನು ಈ ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆಯುತ್ತಿದ್ದರು. 1569ರಲ್ಲಿ ಅಲ್ಲಿನ ಕೋಟೆ ಹಿಡಿದರು, ಅಲ್ಲಿಂದ ಗೋವೆಗೆ ಅಕ್ಕಿ ಸಾಗಿಸಿದರು. ಶಾಲೆಯಲ್ಲಿ ಉಳ್ಳಾಲದ ಅಬ್ಬಕ್ಕನ ಏಕಪಾತ್ರಾಭಿನಯ ಮಾಡಿ ಪರಂಗಿಗಳನ್ನು ಬೈದವಳು ನಾನು. ಅವರ ಹೆಮ್ಮೆಯ ಸ್ಮಾರಕದ ಕೆಳಗೆ ಅವರದೇ ಮೊಟ್ಟೆಯ ಸಿಹಿ, ಪಸ್ತೆಲ್, ತಿನ್ನುತ್ತಾ ನಿಂತಿದ್ದೆ. ಸಿಟ್ಟು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಎರಡನೇ ಪಸ್ತೆಲ್ ತಂದೆ.

ಈಗ ನಜಾರೆ. ಇದು ನನ್ನ ಪಟ್ಟಿಯಲ್ಲಿ "ಲಿಸ್ಬನ್‌ನಿಂದ ಒಂದು ದಿನ" ಎಂದಷ್ಟೇ ಇತ್ತು. ಸೆತೆ ರಿಯೋಸ್ ಬಸ್ ನಿಲ್ದಾಣದಿಂದ ಎರಡು ಗಂಟೆಯೊಳಗಿನ ದಾರಿ. ಜಗತ್ತಿನ ಅತಿ ದೊಡ್ಡ ಅಲೆಗಳ ಮೇಲೆ ಸರ್ಫಿಂಗ್ ಮಾಡುವ ಊರು ಇದೇ. 2020ರ ಅಕ್ಟೋಬರ್‌ನಲ್ಲಿ ಸ್ಟಾಯ್ಟ್‌ನರ್ ಎಂಬ ಜರ್ಮನ್ ಇಲ್ಲಿ 26.21 ಮೀಟರ್ ಅಲೆ ಇಳಿದ. ಎಂಟಂತಸ್ತಿನ ಮನೆ ಎದ್ದು ಬಂದ ಹಾಗೆ. ಕಾರಣ ಇರುವುದು ಕಡಲಿನ ತಳದಲ್ಲಿ. ದಡದ ಹತ್ತಿರದವರೆಗೂ ಒಂದು ದೊಡ್ಡ ಕಂದಕ ಬಂದಿದೆ. ಕಂದಕದ ಮೇಲಿನ ಅಲೆ ಆಳ ನೀರಿನಲ್ಲಿ ತಡೆಯಿಲ್ಲದೆ ಓಡಿ ಬರುತ್ತದೆ, ಪಕ್ಕದ ತೆಳು ನೀರಿನ ಅಲೆ ನಿಧಾನವಾಗುತ್ತದೆ. ಎರಡೂ ಲೈಟ್‌ಹೌಸಿನ ಗುಡ್ಡದ ಬುಡದಲ್ಲಿ ಒಂದರ ಮೇಲೊಂದು ಏರಿಬಿಡುತ್ತವೆ. ದೊಡ್ಡ ಅಲೆಗಳ ಕಾಲ ಅಕ್ಟೋಬರ್‌ನಿಂದ ಮಾರ್ಚ್. ನಾನು ಹೋದ ದಿನ ದಾಖಲೆಯದೇನೂ ಬರಲಿಲ್ಲ. ಆದರೂ ಮೇಲೆ ಕೋಟೆಯ ಗೋಡೆಗೆ ಒರಗಿ ನಿಂತಾಗ ಕಾಲಡಿಯ ಕಲ್ಲು ಗುಮ್ಮೆನ್ನುವುದು ಗೊತ್ತಾಗುತ್ತಿತ್ತು. ತಮಾಷೆಯೆಂದರೆ ಗುಡ್ಡದ ಈಚೆ ಬದಿಯ ಊರಿನ ಕಡಲತೀರ ಅಷ್ಟು ಜೋರಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈಚೆ ಬದಿ. ಮರಳಿನ ಮೇಲೆ ಮರದ ಚೌಕಟ್ಟಿಗೆ ಬಲೆ ಬಿಗಿದು, ಅದರ ಮೇಲೆ ಮೀನು ಸೀಳಿ ಉಪ್ಪು ಹಾಕಿ ಒಣಗಲು ಹರಡಿದ್ದರು. ನಮ್ಮ ಬಂಗುಡೆಯ ದಾಯಾದಿಯಂತಿರುವ ಕರಪಾವು ಮೀನು. ಆ ವಾಸನೆ! ಒಂದೂವರೆ ವರ್ಷ ಆಗಿತ್ತು ನನಗೆ ಒಣಮೀನಿನ ವಾಸನೆ ಮೂಗಿಗೆ ಬಿದ್ದು. ಪಕ್ಕದಲ್ಲಿ ಮೊಣಕಾಲಿನವರೆಗೆ ಒಂದರ ಮೇಲೊಂದು ಲಂಗ ಉಟ್ಟ ಅಜ್ಜಿಯರು ಕೂತು ಮಾರುತ್ತಿದ್ದರು. ಏಳು ಲಂಗ ಇಲ್ಲಿಯ ಹೆಂಗಸರ ಉಡುಗೆ. ಗಂಡಂದಿರ ದೋಣಿಗಾಗಿ ಚಳಿಯಲ್ಲಿ ಕಾಯುವಾಗ ಕೆಲವನ್ನು ತಲೆಗೆ ಹೊದೆಯಲು, ಕೆಲವನ್ನು ಕಾಲಿಗೆ ಸುತ್ತಲು ಎಂದು ಹೇಳುತ್ತಾರೆ. 1980ರ ದಶಕದಲ್ಲಿ ಬಂದರು ಆಗುವವರೆಗೂ ಇಲ್ಲಿ ದೋಣಿಯನ್ನು ಮರಳಿನಿಂದ ನೇರ ಅಲೆಗೇ ನೂಕುತ್ತಿದ್ದರಂತೆ. ಎಷ್ಟೋ ದೋಣಿಗಳು ದಡದಲ್ಲಿದ್ದವರ ಕಣ್ಣೆದುರೇ ಮಗುಚಿದವು. ಗಂಗೊಳ್ಳಿಯ ಅಳಿವೆ ಬಾಗಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಣಗುವ ಮೀನು ತೋರಿಸಿದೆ. ನಾಲ್ಕು ದಿನದಿಂದ ಸರಿಯಾಗಿ ಮಾತಾಡದವಳು ಫೋನಿಗೆ ಮುಖ ಒತ್ತಿಕೊಂಡು ಕೇಳಿದಳು: "ಕಾಕಿ ಓಡ್ಸುಕೆ ಯಾರೂ ಇಲ್ಯಾ ಅಲ್ಲಿ? ಕೆಜಿಗೆ ಎಷ್ಟಂಬ್ರ್?"

ಹೀಗೆ ಕೂತು ಕೂತು ಸಂಜೆಯ ಕೊನೆಯ ಬಸ್ ತಪ್ಪಿತು. ಬ್ಯಾಗೆಲ್ಲ ಲಿಸ್ಬನ್ ಹಾಸ್ಟೆಲಿನಲ್ಲಿ. ಹೆದರಿಕೆಯಾಯಿತಾ? ಆಯಿತು. ಆದರೆ ನಜಾರೆಯಲ್ಲಿ ಅಜ್ಜಿಯರು "ಕ್ವಾರ್ತೋಸ್", ಅಂದರೆ ಕೋಣೆಗಳಿವೆ ಎಂಬ ಬೋರ್ಡ್ ಹಿಡಿದು ಬೀದಿಯಲ್ಲೇ ಕೂತಿರುತ್ತಾರೆ. ಒಬ್ಬರ ಹಿಂದೆ ಹೋದೆ. ಇಪ್ಪತ್ತೈದು ಯೂರೋ, ನಗದು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಪೋರ್ಚುಗೀಸ್ ಬಾರದು. ಮೆಟ್ಟಿಲು ಹತ್ತಿ ಬಾಗಿಲು ತೆಗೆದು ಕೈಗೆ ಕೊಟ್ಟು ಹೇಳಿದರು, "ಶಾವ್." ಚಾವಿ! ಕಡಲು ಕಾಣಲೆಂದು ಪರದೆ ಸರಿಸಿ "ಜನೆಲ" ಎಂದರು. ನಮ್ಮ ಪಕ್ಕದ ಮನೆಯ ಕೊಂಕಣಿ ಬಾಯಮ್ಮ ಕಿಟಕಿಗೆ ಹೇಳುವುದೂ ಅದನ್ನೇ. ಬಟ್ಟೆ ಒಗೆಯಬೇಕೆಂದು ಸನ್ನೆ ಮಾಡಿದೆ. ಬಚ್ಚಲಿನಿಂದ ತಂದದ್ದು "ಬಾಲ್ದ್", ನಮ್ಮ ಬಾಲ್ದಿ. ಒರೆಸಿಕೊಳ್ಳಲು ಕೊಟ್ಟದ್ದು "ತುವಾಲ್ಯ". ನಾನು ಮೇಜು ತೋರಿಸಿ "ಮೇಜು" ಅಂದೆ. ಅಜ್ಜಿ "ಮೇಜ, ಮೇಜ" ಎಂದು ನಕ್ಕರು. ರಾತ್ರಿ ಊಟಕ್ಕೆ ಕರೆದು ಬಟಾಟೆ, ಮೀನು ಬೇಯಿಸಿ ಕೊಟ್ಟರು. ಬಟಾಟೆಗೂ ಅವರದು "ಬತಾತ"ವೇ. ಇಷ್ಟು ವರ್ಷ ಇವನ್ನೆಲ್ಲ ನಮ್ಮೂರಿನ ಮಾತೆಂದೇ ತಿಳಿದಿದ್ದೆ. ಗೆಳತಿಯರು ಜೊತೆಗಿದ್ದಿದ್ದರೆ ನಾವು ಮೂವರು ಗೂಗಲ್ ನೋಡಿಕೊಂಡು ಟ್ಯಾಕ್ಸಿ ಹಿಡಿದು ಲಿಸ್ಬನ್‌ಗೆ ಹೋಗಿರುತ್ತಿದ್ದೆವು.

ಲಾಗೋಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪೊಂಟಾ ದ ಪಿಯೆದಾದೆಯ ಹಳದಿ ಕಲ್ಲಿನ ಕಂಬಗಳು ಫೋಟೋದಲ್ಲಿರುವುದಕ್ಕಿಂತ ಚೆಂದ. ಮರಿನ್ಯಾ ಕಡಲತೀರದಿಂದ ಶುರುವಾಗುವ ಏಳು ಕಣಿವೆಗಳ ಕಾಲುದಾರಿ ಸುಮಾರು ಆರು ಕಿಲೋಮೀಟರ್, ಒಬ್ಬಳೇ ನಡೆಯಬಹುದು, ಜನ ಇರುತ್ತಾರೆ. ಆದರೆ ಬಂಡೆಯ ಅಂಚಿಗೂ ಹೋಗಬೇಡಿ, ಕೆಳಗೆ ಅದರ ನೆರಳಿನಲ್ಲೂ ಮಲಗಬೇಡಿ. ಮೆದು ಕಲ್ಲು ಅದು, ಹೇಳದೆ ಕುಸಿಯುತ್ತದೆ. 2009ರ ಆಗಸ್ಟ್‌ನಲ್ಲಿ ಅಲ್ಬುಫೇರಾದ ಹತ್ತಿರ ಹಾಗೆ ಐವರು ಸತ್ತರು. ಊರೊಳಗೆ ಗುಲಾಮರ ಮಾರುಕಟ್ಟೆಯ ಪುಟ್ಟ ಮ್ಯೂಸಿಯಂ ಇದೆ. 1444ರಲ್ಲಿ ಆಫ್ರಿಕಾದಿಂದ ಹಿಡಿದು ತಂದವರನ್ನು ಇದೇ ಊರಿನಲ್ಲಿ ಇಳಿಸಿ ಹಂಚಿದರು. ಬೆಲೆಂನ ಸ್ಮಾರಕ ನೋಡಿದವರು ಇದನ್ನೂ ನೋಡಲಿ. ನೀರಿಗಿಳಿಯುವ ಆಸೆ ಇದ್ದರೆ ಮಾರ್ಚ್‌ನಲ್ಲಿ ಮರೆತುಬಿಡಿ. ನಮ್ಮ ಕಡಲಿನ ಉಗುರುಬೆಚ್ಚಗೆ ಅಲ್ಲ ಅದು, ಮೊಣಕಾಲಿನವರೆಗೆ ಇಳಿದಾಗ ಮೂಳೆ ಕೊರೆಯಿತು.

ಒಬ್ಬಳೇ ಇದ್ದರೆ ಬೇಜಾರಾಗುವುದಿಲ್ಲವಾ ಎಂದೂ ಕೇಳಿದ್ದೀರಿ. ಆಗುತ್ತದೆ. ಹಗಲಿನಲ್ಲಿ ಅಲ್ಲ, ಸಂಜೆ ಆರರಿಂದ ಎಂಟರವರೆಗೆ. ಲಿಸ್ಬನ್‌ನ ಗುಡ್ಡದ ಮೇಲೆ ಎಲ್ಲರೂ ಜೋಡಿಯಾಗಿ ಕೂತು ಸೂರ್ಯಾಸ್ತ ನೋಡುವಾಗ ನಾನು ಎದ್ದು ಹಾಸ್ಟೆಲಿಗೆ ಹೋಗಿ ಮಲಗಿದ್ದೂ ಇದೆ. ಹಾಸ್ಟೆಲಿನಲ್ಲಿ ಅಡುಗೆಮನೆ ಇರುವಂಥದ್ದನ್ನು ಆರಿಸಿ, ಮಾತು ಅಲ್ಲೇ ಹುಟ್ಟುತ್ತದೆ. ಹೆಂಗಸರ ಡಾರ್ಮ್ ಕೇಳಿ. ರಾತ್ರಿ ಓಡಾಟದಲ್ಲಿ ನನಗೆ ತೊಂದರೆಯೇನೂ ಆಗಲಿಲ್ಲ, ಆದರೆ ಹತ್ತರ ಮೇಲೆ ಖಾಲಿ ಓಣಿ ಹಿಡಿಯಲಿಲ್ಲ.

ಸಸ್ಯಾಹಾರಿಯಾದರೆ ಸ್ವಲ್ಪ ಕಷ್ಟ. ಸೊಪ್ಪಿನ ಸೂಪ್ ಕಾಲ್ದು ವೆರ್ದೆಯಲ್ಲೂ ಹಂದಿಯ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ, "ಸೆಂ ಶೋರೀಸು", ಅಂದರೆ ಸಾಸೇಜು ಬೇಡ, ಎನ್ನಿ. ಲಿಸ್ಬನ್‌ನ ಮಾರ್ಟಿಂ ಮೊನೀಜ್ ಸುತ್ತ ನಮ್ಮ ಕಡೆಯ ಅಂಗಡಿ, ಹೋಟೆಲುಗಳಿವೆ. ಕಾಫಿ ಅಂಗಡಿಗಳಲ್ಲಿ "ಶಮೂಸ" ಕಂಡರೆ ಅದು ಗೋವೆಯ ಮೂಲಕ ಹೋದ ನಮ್ಮ ಸಮೋಸ, ಒಳಗೆ ಸಾಮಾನ್ಯವಾಗಿ ಮಾಂಸ, ಕೇಳಿ ತಿನ್ನಿ. ಕೂತ ಕೂಡಲೇ ಹೋಟೆಲಿನವರು ತಂದಿಡುವ ಬ್ರೆಡ್, ಆಲಿವ್ ಪುಕ್ಕಟೆಯಲ್ಲ. ಮುಟ್ಟಿದರೆ ಬಿಲ್ಲಿಗೆ ಬರುತ್ತದೆ, ಬೇಡವೆಂದರೆ ವಾಪಸ್ ಒಯ್ಯುತ್ತಾರೆ. ಧನ್ಯವಾದಕ್ಕೆ ಗಂಡಸರು "ಒಬ್ರಿಗಾದು", ನೀವು "ಒಬ್ರಿಗಾದ".

ಕೊಡೆ ಒಯ್ಯಬೇಡಿ, ಅಲ್ಲಿನ ಗಾಳಿಗೆ ನನ್ನದು ಮೊದಲ ದಿನವೇ ತಿರುಗಿ ಮುರಿಯಿತು. ಟೋಪಿ ಇರುವ ಮಳೆ ಜಾಕೆಟ್, ಅಡಿ ಜಾರದ ಶೂ ಸಾಕು. ಮತ್ತೆ ನಜಾರೆಯಲ್ಲಿ ಒಣಮೀನು ಕೊಂಡರೆ ಮೂರು ಪ್ಲಾಸ್ಟಿಕ್ ಸುತ್ತಿಸಿ. ನಾನು ಒಂದೇ ಸುತ್ತಿಸಿದ್ದೆ. ಲಿಸ್ಬನ್ ಡಾರ್ಮಿನಲ್ಲಿ ಆ ರಾತ್ರಿ ಕೆನಡಾದ ಹುಡುಗಿಯೊಬ್ಬಳು ಎದ್ದು ಕಿಟಕಿ ತೆಗೆದಳು, ಅದು ಎಲ್ಲಿಂದ ಬರುತ್ತಿದೆ ಎಂದು ನನ್ನನ್ನೇ ಕೇಳಿದಳು. ನಾನು ನಿದ್ದೆ ಬಂದವಳ ಹಾಗೆ ಮಗ್ಗುಲು ಬದಲಿಸಿದೆ.