ನಾಯಿ ಬೊಗಳಿದಂಥ ಕೆಮ್ಮಿಗೆ ಎಕ್ಸ್-ರೇ ಬೇಕಾ?

ಪ್ರಶ್ನೆ: ನನ್ನ ಮಗನಿಗೆ 2 ವರ್ಷ. ನೆಗಡಿ ಇತ್ತು. ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ನಾಯಿ ಬೊಗಳಿದಂತೆ ಕೆಮ್ಮತೊಡಗಿದ. ಅಳುವಾಗ ಉಸಿರು ಎಳೆದರೆ ಕರ್ಕಶ ಸದ್ದು ಬರುತ್ತಿತ್ತು. ಡಾಕ್ಟರು ‘ಕ್ರೂಪ್’ ಅಂದರು, ಒಂದು ಡೋಸ್ ಸ್ಟಿರಾಯ್ಡ್ ಕುಡಿಸಿದರು. ಎಕ್ಸ್-ರೇ ತೆಗೆಸೋಣವೇ ಅಂದರೆ ಬೇಡ ಅಂದರು. ಈಗ ಆರಾಮಾಗಿದ್ದಾನೆ. ಆದರೂ ನಾನು ಒತ್ತಾಯ ಮಾಡಬೇಕಿತ್ತಾ?

ಉತ್ತರ: ಬೇಕಿರಲಿಲ್ಲ. ಕ್ರೂಪ್ ಗೊತ್ತಾಗುವುದು ಕಿವಿಗೆ. ಆ ಕೆಮ್ಮು, ಆ ಸದ್ದು, ಹಿಂದಿನ ನೆಗಡಿ, 6 ತಿಂಗಳಿಂದ 3 ವರ್ಷದ ವಯಸ್ಸು ಇಷ್ಟಿದ್ದರೆ ಸಾಕು. ಹೆಚ್ಚಾಗಿ ಪ್ಯಾರಾಇನ್‌ಫ್ಲುಯೆಂಜಾ ವೈರಸ್‌ನಿಂದ ಧ್ವನಿಪೆಟ್ಟಿಗೆಯ ಕೆಳಗೆ ಊತ ಬರುತ್ತದೆ. ಎಕ್ಸ್-ರೇಯಲ್ಲಿ ಆ ಜಾಗ ಗೋಪುರದ ತುದಿಯಂತೆ ಚೂಪಾಗಿ ಕಾಣಬಹುದು. ತೊಂದರೆ ಏನೆಂದರೆ, ಕ್ರೂಪ್ ಇರುವ ಎಷ್ಟೋ ಮಕ್ಕಳಲ್ಲಿ ಆ ಗುರುತು ಕಾಣುವುದಿಲ್ಲ, ಕ್ರೂಪ್ ಇಲ್ಲದ ಕೆಲವರಲ್ಲಿ ಕಾಣುತ್ತದೆ. ಕಂಡರೂ ಕಾಣದಿದ್ದರೂ ಕೊಡುವ ಔಷಧ ಅದೇ. ಹಾಗಿದ್ದ ಮೇಲೆ ಚಿತ್ರ ತೆಗೆದು ಏನು ಪ್ರಯೋಜನ, ಅಲ್ವಾ?

ವಿಕಿರಣದ ಭಯದಿಂದ ಬೇಡ ಅಂದಿರಲಾರರು. ಒಂದು ಎಕ್ಸ್-ರೇಯ ಡೋಸ್ ತೀರಾ ಕಡಿಮೆ. ಆದರೆ ಉಸಿರಿಗೆ ಒದ್ದಾಡುವ ಮಗುವನ್ನು ಹಿಡಿದು ಮಲಗಿಸಿ ಅಳಿಸಿದರೆ ಉಸಿರಾಟ ಇನ್ನೂ ಕಷ್ಟವಾಗುತ್ತದೆ. ನನ್ನ ಮಟ್ಟಿಗೆ ಅದೇ ದೊಡ್ಡ ಕಾರಣ.

ಎಕ್ಸ್-ರೇ ಯಾವಾಗ ಬೇಕು? ಲಕ್ಷಣಗಳು ಕ್ರೂಪ್‌ಗೆ ಹೊಂದದಿದ್ದಾಗ. ಜೋರು ಜ್ವರ, ಕುತ್ತಿಗೆ ತಿರುಗಿಸಲು ನೋವು, ಏನೂ ನುಂಗಲಾಗದು ಎಂದರೆ ಗಂಟಲಿನ ಹಿಂದೆ ಕೀವು ಕಟ್ಟಿರಬಹುದು. ಆಗ ಕುತ್ತಿಗೆಯ ಎಕ್ಸ್-ರೇಯನ್ನು ಪಕ್ಕದಿಂದ ತೆಗೆಯುತ್ತಾರೆ. ಇಲ್ಲೂ ಒಂದು ಎಡವಟ್ಟಿದೆ: ಮಗು ಅಳುತ್ತಿದ್ದರೆ ಅಥವಾ ತಲೆ ಬಗ್ಗಿಸಿದ್ದರೆ ಊತ ಇಲ್ಲದಿದ್ದರೂ ಇರುವಂತೆ ಕಾಣುತ್ತದೆ. ಹಾಗಾಗಿ ತಲೆ ಸ್ವಲ್ಪ ಹಿಂದಕ್ಕೆ ಬಾಗಿ, ಉಸಿರು ಒಳಗೆಳೆದ ಕ್ಷಣದಲ್ಲೇ ತೆಗೆಯಬೇಕು. ಇನ್ನು ನೆಗಡಿಯೇ ಇಲ್ಲದೆ, ಆಡುತ್ತಾ ತಿನ್ನುತ್ತಾ ಇದ್ದ ಮಗು ಒಮ್ಮೆಲೇ ಕೆಮ್ಮತೊಡಗಿದರೆ ಉಸಿರುನಾಳದೊಳಗೆ ಏನೋ ಸಿಕ್ಕಿಕೊಂಡ ಅನುಮಾನ ಬರುತ್ತದೆ. ಆದರೆ ಕಡಲೆಕಾಯಿ ಬೀಜ, ಪ್ಲಾಸ್ಟಿಕ್ ಚೂರು ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಎಕ್ಸ್-ರೇ ನಾರ್ಮಲ್ ಎಂದು ಅಲ್ಲಿಗೇ ಬಿಡಬಾರದು, ಅನುಮಾನ ಗಟ್ಟಿಯಿದ್ದರೆ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಕೊಳವೆ, ಹಾಕಿ ನೋಡಬೇಕಾಗುತ್ತದೆ.

ಒಂದು ಸ್ಥಿತಿಯಲ್ಲಂತೂ ಎಕ್ಸ್-ರೇ ಕೋಣೆಗೆ ಕಳಿಸುವುದೇ ಅಪಾಯ. ನುಂಗುವಾಗ ಉಸಿರುನಾಳವನ್ನು ಕಾಯುವ ಮುಚ್ಚಳವಿದೆಯಲ್ಲ, ಅದು ಊದಿಕೊಂಡರೆ ಎಪಿಗ್ಲಾಟೈಟಿಸ್. ಮಗು ಜೊಲ್ಲು ಸುರಿಸುತ್ತಾ, ಮುಂದಕ್ಕೆ ಬಾಗಿ ಕೂತಿರುತ್ತದೆ, ಕೆಮ್ಮು ಇರುವುದೇ ಕಡಿಮೆ. ಇದನ್ನು ತರುವ ಹಿಬ್ ಎಂಬ ಬ್ಯಾಕ್ಟೀರಿಯಾಕ್ಕೆ ಲಸಿಕೆ ಬಂದ ಮೇಲೆ ಇದು ಅಪರೂಪವಾಗಿದೆ. ಕಂಡರೆ ಮಲಗಿಸಬೇಡಿ, ಬಾಯಿ ತೆರೆಸಿ ನೋಡಬೇಡಿ, ಕೂತ ಹಾಗೇ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನಿಮ್ಮ ಮಗನಿಗೆ ಮತ್ತೆ ಬೊಗಳು ಕೆಮ್ಮು ಬಂದರೆ ಎತ್ತಿಕೊಂಡು ಸಮಾಧಾನ ಮಾಡಿ. ಸುಮ್ಮನೆ ಕೂತಿದ್ದಾಗಲೂ ಕರ್ಕಶ ಸದ್ದು ಬಂದರೆ, ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ ಕಾಯದೆ ಹೊರಡಿ. ಪದೇ ಪದೇ ಬಂದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.