ಹಣ್ಣಿನ ಬುಟ್ಟಿಯ ತಳ

ಓದುಗರ ಪತ್ರ: ನಮ್ಮದು ತುಮಕೂರು ಜಿಲ್ಲೆಯ ಒಂದು ಹೋಬಳಿಯ ಯುವಕ ಸಂಘ. ಈ ಸಲ 25ನೇ ವಾರ್ಷಿಕೋತ್ಸವ. ಮುಖ್ಯ ಅತಿಥಿಯಾಗಿ ರಾಷ್ಟ್ರಮಟ್ಟದಲ್ಲಿ ಆಡಿದ ಖೋ ಖೋ ಆಟಗಾರ್ತಿಯೊಬ್ಬರನ್ನು ಕರೆದೆವು. ಬರ್ತೀನಿ ಅಂದರು, ಆದರೆ ಕಾರಿನ ಬಾಡಿಗೆ ಜೊತೆಗೆ 10,000 ರೂಪಾಯಿ ಕೇಳಿದರು. ಅವರೇನು ಸಿನಿಮಾ ನಟಿಯೇ? ಆಟವನ್ನು ಪ್ರೀತಿಗಾಗಿ ಆಡುವವರು ಒಂದು ಸಮಾರಂಭಕ್ಕೆ ಬರಲು ದುಡ್ಡು ಕೇಳುವುದು ಸರಿಯೇ? ನಾವು ಸನ್ಮಾನ ಮಾಡುತ್ತಿದ್ದೆವಲ್ಲ! ಕೊನೆಗೆ ಅವರನ್ನು ಬಿಟ್ಟು ತಾಲ್ಲೂಕಿನ ಮುಖಂಡರೊಬ್ಬರನ್ನು ಕರೆದೆವು. ರಾತ್ರಿಯ ಆರ್ಕೆಸ್ಟ್ರಾ ಮಾತ್ರ ಅದ್ಭುತವಾಗಿತ್ತು. ಆಹ್ವಾನ ಪತ್ರಿಕೆ ಲಗತ್ತಿಸಿದ್ದೇನೆ. (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಬೇಸರ ಕಂಡಿತು. ಎರಡನೇ ಸಲ ಆ ಆರ್ಕೆಸ್ಟ್ರಾ ಕಂಡಿತು. ಅವರಿಗೆ ಎಷ್ಟು ಕೊಟ್ಟಿರಿ ಸ್ವಾಮಿ? ಅದನ್ನು ಬರೆದಿಲ್ಲ. ಶಾಮಿಯಾನದವರಿಗೆ, ಮೈಕ್ ಸೆಟ್‌ನವರಿಗೆ, ಅಡುಗೆಯವರಿಗೆ, ಫ್ಲೆಕ್ಸ್ ಹೊಡೆದವರಿಗೆ ಕೊಟ್ಟದ್ದನ್ನೂ ಬರೆದಿಲ್ಲ. ಅವರು ಯಾರೂ ಸಂಘದ ಮೇಲಿನ ಪ್ರೀತಿಗಾಗಿ ಬಂದವರಲ್ಲ ಅಲ್ವಾ? ಅವರು ದುಡ್ಡು ಕೇಳಿದಾಗ ನಿಮಗೆ ಬೇಸರವಾಗಲಿಲ್ಲ. ಪತ್ರಿಕೆಗೆ ಕಾಗದವನ್ನೂ ಬರೆಯಲಿಲ್ಲ.

ಮೊದಲು ನಿಮ್ಮ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗಬಹುದು. ಊರಿನ ಸಂಘ ಅಂದರೆ ಮನೆಮನೆಗೆ ರಸೀದಿ ಪುಸ್ತಕ ಹಿಡಿದು ಹೋಗಿ ನೂರು ಇನ್ನೂರು ಕೂಡಿಸಿದ ದುಡ್ಡು. ಅದರ ಕಷ್ಟ ನನಗೆ ಗೊತ್ತು. ತಾನು ಓದಿದ ಶಾಲೆಗೆ, ತಾನು ಆಡಿ ಬೆಳೆದ ಅಂಗಳಕ್ಕೆ ಹೋಗುವಾಗ ಆಟಗಾರರು ದುಡ್ಡಿನ ಮಾತು ಎತ್ತಬಾರದು ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ನಿಮ್ಮ ಸಂಘ ಆಕೆಯ ಊರಿನದ್ದಲ್ಲ. ಆಕೆ ಆಡುವಾಗ ನೀವು ಒಂದು ಜೊತೆ ಶೂ ಕೊಡಿಸಿದವರೂ ಅಲ್ಲ. ಸರಿ, ನಿಮ್ಮ ಪರ ಮುಗಿಯಿತು.

ಸನ್ಮಾನ ಮಾಡುತ್ತಿದ್ದೆವಲ್ಲ ಅಂದಿದ್ದೀರಿ. ನನಗೆ ಸಿಟ್ಟು ಬಂದದ್ದು ಅಲ್ಲಿ. ಸುಮಾರು ಹತ್ತು ವರ್ಷದ ಹಿಂದೆ ಇಂಥದ್ದೇ ಒಂದು ಸಂಘದ ವೇದಿಕೆಯಲ್ಲಿ ನಾನೂ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಕಬಡ್ಡಿ ಆಡುವ ಒಬ್ಬ ಹುಡುಗಿ. ಕಾರ್ಯಕ್ರಮ ಹತ್ತೂವರೆಗೆ. ದೀಪ ಹಚ್ಚಿದ್ದು ಹನ್ನೆರಡೂ ಕಾಲಿಗೆ, ಯಾಕೆಂದರೆ ಉದ್ಘಾಟಕರು ಬಂದದ್ದೇ ಆಗ. ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ವರದಿ ವಾಚನ, ಮಾಜಿ ಅಧ್ಯಕ್ಷರು, ಅವರ ಹಿಂದಿನ ಮಾಜಿ ಅಧ್ಯಕ್ಷರು. ಹುಡುಗಿಯ ಸರದಿ ಬಂದಾಗ ನಿರೂಪಕರು ಬಗ್ಗಿ, 'ಮೇಡಂ, ಸಮಯದ ಅಭಾವ ಇದೆ, ಎರಡೇ ಮಾತು' ಅಂದರು. ಆಕೆ ಎರಡೇ ಮಾತು ಆಡಿದಳು. ಶಾಲು, ಹಾರ, ಪೇಟ, ಸ್ಮರಣಿಕೆ, ಹಣ್ಣಿನ ಬುಟ್ಟಿ. ಫೋಟೋ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕಳು. ಎರಡು ಬಸ್ ಬದಲಿಸಿ ಬಂದಿದ್ದಳಂತೆ, ಒಂದು ದಿನದ ಸಂಬಳ ಬಿಟ್ಟು. ಬಸ್ಸಿಗೆ ಇನ್ನೂ ಹೊತ್ತಿತ್ತು, ಹಸಿವಾಗಿತ್ತು. ಬುಟ್ಟಿಯ ಮೇಲಿನ ಬಣ್ಣದ ಹಾಳೆ ಹರಿದಳು. ಮೇಲೆ ನಾಲ್ಕು ಸೇಬು, ಮೂರು ಮೋಸಂಬಿ, ಒಂದು ಗೊಂಚಲು ದ್ರಾಕ್ಷಿ. ಅದರ ಕೆಳಗೆ ಬುಟ್ಟಿಯ ತುಂಬ ಉಂಡೆ ಮಾಡಿ ತುರುಕಿದ ಹಳೇ ಪೇಪರ್. (ನಮ್ಮ ಪತ್ರಿಕೆಯ ಹಾಳೆಗಳಲ್ಲ, ಅಷ್ಟು ಸಮಾಧಾನ.) ಆಕೆ ನಕ್ಕುಬಿಟ್ಟಳು. 'ಸರ್, ಮನೇಲಿ ಹದಿನೇಳು ಶಾಲು ಇದೆ. ಅಮ್ಮ ದಿಂಬಿಗೆ ಕವರ್ ಹೊಲೀತಾರೆ. ಆದ್ರೆ ಚುಚ್ಚುತ್ತೆ, ಜರಿ ಅಲ್ವಾ' ಅಂದಳು. ನಾನೂ ನಕ್ಕೆ. ಬಸ್ ಚಾರ್ಜನ್ನಾದರೂ ಕೊಟ್ಟರಾ ಅಂತ ಕೇಳುವ ಧೈರ್ಯ ಆಗಲಿಲ್ಲ. ಯಾಕೆಂದರೆ ನನ್ನನ್ನು ಕಾರಿನಲ್ಲಿ ಕರೆಸಿದ್ದರು.

ಬಂದವರಿಗೆ ಕೊಟ್ಟು ಕಳಿಸುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಪುರೋಹಿತರಿಗೆ ದಕ್ಷಿಣೆ ಇದೆ, ವಾಲಗದವರಿಗೆ ಸಂಭಾವನೆ ಇದೆ. ಯಕ್ಷಗಾನ ಮೇಳವನ್ನು ಆಡಿಸುವವರು 'ವೀಳ್ಯ ಎಷ್ಟು' ಅಂತ ಮೊದಲೇ ಮಾತಾಡಿಕೊಳ್ಳುತ್ತಾರೆ. ಎಂಥ ಚಂದದ ಮಾತು ನೋಡಿ. ದುಡ್ಡೇ, ಆದರೆ ಎಲೆ ಅಡಿಕೆ ಮುಚ್ಚಿಕೊಂಡು ಬರುತ್ತದೆ. ಜಾತ್ರೆಯ ಕುಸ್ತಿಯಲ್ಲಿ ಚಿಕ್ಕ ಹುಡುಗರಿಗೆ ತೆಂಗಿನಕಾಯಿ, ದೊಡ್ಡ ಪೈಲ್ವಾನರಿಗೆ ಇನಾಮು, ಕಡಗ, ಗದೆ. ಗೆದ್ದ ಪೈಲ್ವಾನ ಇನಾಮು ಕೇಳಿದ ಅಂತ ಯಾರೂ ಮುಖ ಸಿಂಡರಿಸಿದ್ದು ನಾನು ಕೇಳಿಲ್ಲ.

ಕುಸ್ತಿ ಅಂದಾಗ ಖಾಶಾಬಾ ಜಾಧವ್ ನೆನಪಾಗುತ್ತಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಪದಕ ಅದು. ಹೋಗುವುದಕ್ಕೆ ದುಡ್ಡಿರಲಿಲ್ಲ. ಊರೂರು ಸುತ್ತಿ ಕೂಡಿಸಿದರು. ಸಾಲದಿದ್ದಾಗ ಕೊಲ್ಲಾಪುರದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಪದಕ ಗೆದ್ದು ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಮೆರವಣಿಗೆ ಮುಗಿದ ಮೇಲೆ ಮನೆಯ ಸಾಲ ಹಾಗೇ ಇತ್ತು. ಜಾಧವ್ ಏನು ಮಾಡಿದರು ಗೊತ್ತಾ? ಕುಸ್ತಿ ಪಂದ್ಯ ಏರ್ಪಡಿಸಿ, ಬಂದ ದುಡ್ಡಿನಲ್ಲಿ ಗುರುಗಳ ಮನೆ ಬಿಡಿಸಿಕೊಟ್ಟರು. ಎತ್ತಿನ ಗಾಡಿಗಳು ಆ ಕೆಲಸಕ್ಕೆ ಬರಲಿಲ್ಲ.

'ಪ್ರೀತಿಗಾಗಿ ಆಡುವವರು' ಅಂದಿರಲ್ಲ, ಆ ಮಾತು ಎಲ್ಲಿಂದ ಬಂತು ಅಂತಲೂ ಸ್ವಲ್ಪ ನೋಡೋಣ. ದುಡ್ಡು ತಗೊಳ್ಳದೆ ಆಡುವವರನ್ನು ಇಂಗ್ಲಿಷಿನಲ್ಲಿ ಅಮೆಚೂರ್ ಅನ್ನುತ್ತಾರೆ. ಆ ಪದಕ್ಕೆ ಅದೇ ಅರ್ಥ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಇಂಗ್ಲೆಂಡಿನ ಹೆನ್ಲಿಯಲ್ಲಿ ದೋಣಿ ಸ್ಪರ್ಧೆ ನಡೆಸುವವರು 1879ರಲ್ಲಿ ಮಾಡಿದ ನಿಯಮ ನೋಡಿ. ಕೂಲಿ ಮಾಡುವವನು, ಕಸುಬುದಾರ, ಮೆಕ್ಯಾನಿಕ್, ಇವರು ಯಾರೂ ಅಮೆಚೂರ್ ಅಲ್ಲ. ದೋಣಿಗಾಗಿ ದುಡ್ಡು ತಗೊಳ್ಳದಿದ್ದರೂ ಅಷ್ಟೇ, ಕೈಕೆಲಸ ಮಾಡಿ ಬದುಕಿದರೆ ಸಾಕು, ಹೊರಗೆ. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿಯನ್ನು ಅಲ್ಲಿ ಸೇರಿಸಲಿಲ್ಲ. ಆತ ಇಟ್ಟಿಗೆ ಜೋಡಿಸುವ ಕೆಲಸ ಮಾಡಿದ್ದವನು ಅನ್ನುವುದೂ ಒಂದು ಕಾರಣ ಅಂತ ಹೇಳುತ್ತಾರೆ. ಆತ ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಚಿನ್ನ ಗೆದ್ದ, ಅದೂ ಒಂದಲ್ಲ, ಎರಡು. ಇನ್ನು ಅಮೆರಿಕದ ಅಥ್ಲೀಟ್ ಜಿಮ್ ಥಾರ್ಪ್ ಕಥೆ. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ. ಹಿಂದೆ ಬೇಸಿಗೆಯಲ್ಲಿ ಬೇಸ್‌ಬಾಲ್ ಆಡಿ ಚಿಲ್ಲರೆ ಕಾಸು ತಗೊಂಡಿದ್ದ ಅಂತ ಮರುವರ್ಷ ಎರಡನ್ನೂ ಕಿತ್ತುಕೊಂಡರು. ಆತ ಸತ್ತದ್ದು 1953ರಲ್ಲಿ. ತಪ್ಪು ತಿದ್ದಲು ಶುರು ಮಾಡಿದ್ದು 1982ರಲ್ಲಿ. ಅವನೊಬ್ಬನೇ ವಿಜೇತ ಅಂತ ದಾಖಲೆಯಲ್ಲಿ ಬರೆದದ್ದು 2022ರಲ್ಲಿ. ಅದೇ ಇಂಗ್ಲೆಂಡಿನಲ್ಲಿ ಡಬ್ಲ್ಯು.ಜಿ. ಗ್ರೇಸ್ ಅನ್ನುವ ಗಡ್ಡದ ಕ್ರಿಕೆಟ್ ಡಾಕ್ಟರು ಜೀವನಪೂರ್ತಿ ಅಮೆಚೂರ್ ಅನ್ನಿಸಿಕೊಂಡೇ ಸಂಬಳದ ಆಟಗಾರರಿಗಿಂತ ಜಾಸ್ತಿ ದುಡಿದರು. ದೊಡ್ಡವರು ತಗೊಂಡರೆ ಅದು ಖರ್ಚುವೆಚ್ಚ. ಪುಕ್ಕಟೆ ಆಡುವ ಕಾನೂನು ಮಾಡಿದವರು ಹೊಟ್ಟೆ ತುಂಬಿದವರು ಅಂತ ನಾನು ಸುಮ್ನೆ ಹೇಳುವುದಲ್ಲ.

ಐರ್ಲೆಂಡಿನಲ್ಲಿ ಇವತ್ತಿಗೂ ಅಲ್ಲಿನ ನಾಡ ಆಟಗಳಾದ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್ ಆಡುವವರಿಗೆ ಸಂಬಳ ಇಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಎಂಬತ್ತು ಸಾವಿರ ಜನ ಟಿಕೆಟ್ ಕೊಂಡು ಫೈನಲ್ ನೋಡುತ್ತಾರೆ. ಅಲ್ಲಿ ಆಡಿದ ಮೇಷ್ಟ್ರು ಮತ್ತೆ ಪಾಠ ಮಾಡಲು ಹೋಗುತ್ತಾನೆ. ಆಮೇಲೆ ಚಳಿಗಾಲದ ಸಂಜೆಗಳಲ್ಲಿ ಊರೂರಿನ ಕ್ಲಬ್‌ಗಳಿಗೆ ಹೋಗಿ ಮಕ್ಕಳಿಗೆ ಪದಕ ಹಂಚಬೇಕು. ಅದಕ್ಕೆ ದುಡ್ಡು ತಗೊಳ್ಳಬಹುದೇ ಅನ್ನುವ ನಿಮ್ಮದೇ ಪ್ರಶ್ನೆ ಅಲ್ಲೂ ಇದೆ. ಪಾಪ, ನೀವು ಒಬ್ಬರೇ ಅಲ್ಲ.

ನಮ್ಮ ಕಥೆ ಇನ್ನೂ ತಮಾಷೆ. ಕಬಡ್ಡಿಯ ರಾಷ್ಟ್ರೀಯ ಸಂಸ್ಥೆಯ ಹೆಸರಿನಲ್ಲೇ 'ಅಮೆಚೂರ್' ಅಂತ ಇದೆ. ಅದೇ ಕಬಡ್ಡಿಗೆ 2014ರಲ್ಲಿ ಪ್ರೊ ಲೀಗ್ ಬಂತು. 2018ರ ಹರಾಜಿನಿಂದ ಕೆಲವು ಹುಡುಗರಿಗೆ ಕೋಟಿ ದಾಟುತ್ತಿದೆ. ಖೋ ಖೋ ಆಡುವವರಿಗೆ ಆ ಅದೃಷ್ಟ ಎಲ್ಲಿದೆ? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಗಂಡಸರದ್ದೂ ಹೆಂಗಸರದ್ದೂ ಭಾರತಕ್ಕೇ ಬಂತು. ನಮ್ಮ ರಾಜ್ಯದಿಂದ ಗೆದ್ದ ತಂಡಗಳಲ್ಲಿ ಇದ್ದವರು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ, ಮತ್ತು ಗೌತಮ್. ಸರ್ಕಾರ ತಲಾ 5 ಲಕ್ಷ ಕೊಡುತ್ತೇವೆ ಅಂದಿತು. ಇಬ್ಬರೂ ಬೇಡ ಅಂದರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ದುಡ್ಡು, ಮೇಲೆ ಸರ್ಕಾರಿ ಕೆಲಸ ಘೋಷಿಸಿತ್ತು. ಆಗ ನನ್ನ ಸ್ನೇಹಿತರೊಬ್ಬರು 'ಎಷ್ಟು ಕೊಬ್ಬು' ಅಂದರು. ನನಗೆ ಹಾಗನ್ನಿಸಲಿಲ್ಲ. ಮಂಡಿ ಎಷ್ಟು ವರ್ಷ ಬಾಳುತ್ತದೆ ಅಂತ ಲೆಕ್ಕ ಬರುವ ಮಕ್ಕಳು ಅನ್ನಿಸಿತು. ನಿಮ್ಮ ಅತಿಥಿಯೂ ಅದೇ ಲೆಕ್ಕ ಹಾಕಿ 10,000 ಅಂದಿರಬೇಕು. ನನ್ನ ಕೇಳಿದರೆ ಕಡಿಮೆಯೇ ಆಯಿತು.

ಇದು ಆಟಗಾರರದ್ದೊಂದೇ ಪಾಡಲ್ಲ. ಕವಿಗೋಷ್ಠಿಗೆ ಕವಿಯನ್ನು ಕರೆಯುತ್ತಾರೆ, 'ನಿಮಗೆ ಒಳ್ಳೆಯ ವೇದಿಕೆ' ಅನ್ನುತ್ತಾರೆ. ಹಾಡುವ ಹುಡುಗಿಯನ್ನು ಕರೆದು 'ಪ್ರಾರ್ಥನೆ ಒಂದು ಹಾಡಿಬಿಡಮ್ಮ' ಅನ್ನುತ್ತಾರೆ. ಡಾಕ್ಟರು ಸಿಕ್ಕರೆ ಮದುವೆ ಮನೆಯ ಊಟದ ಪಂಕ್ತಿಯಲ್ಲೇ ಸಕ್ಕರೆ ಕಾಯಿಲೆಯ ರಿಪೋರ್ಟ್ ತೆಗೆಯುತ್ತಾರೆ. ವಿದ್ಯೆ ಇದ್ದವನ ಹೊತ್ತಿಗೆ ಬೆಲೆ ಇಲ್ಲ, ಕುರ್ಚಿ ಬಾಡಿಗೆಗೆ ಇದೆ. ಬೇರೆಯವರನ್ನು ಬೈದು ನಾನು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನಮ್ಮ ಕ್ರೀಡಾ ವಿಶೇಷಾಂಕಕ್ಕೆ ಲೇಖನ ಬರೆದುಕೊಟ್ಟ ಹಳೆಯ ಆಟಗಾರರೊಬ್ಬರಿಗೆ ನಾವು ಕಳಿಸಿದ್ದು ಎರಡು ಗೌರವ ಪ್ರತಿ. ಅವರು ಫೋನ್ ಮಾಡಿ, 'ಸರ್, ಒಂದು ಸಾಕಿತ್ತು' ಅಂದರು. ಆವತ್ತಿನಿಂದ ಬರೆದವರಿಗೆಲ್ಲ ಚೆಕ್ ಹೋಗುತ್ತಿದೆ. ಸಣ್ಣ ಚೆಕ್, ಆದರೆ ಹೋಗುತ್ತಿದೆ.

ನಿಮ್ಮ ಆಹ್ವಾನ ಪತ್ರಿಕೆಯಲ್ಲಿ ಹದಿನಾಲ್ಕು ಗಣ್ಯರ ಹೆಸರಿದೆ. ಎಣಿಸಿದೆ. ಹದಿನಾಲ್ಕು ಶಾಲು, ಹದಿನಾಲ್ಕು ಹಾರ, ಹದಿನಾಲ್ಕು ಸ್ಮರಣಿಕೆ. ಅರ್ಧ ಜನರನ್ನು ಬಿಟ್ಟಿದ್ದರೆ ಆ ಹುಡುಗಿ ಕೇಳಿದ ದುಡ್ಡಿನ ಬಹುಪಾಲು ಅಲ್ಲೇ ಉಳಿಯುತ್ತಿತ್ತು. ಬಂದವಳನ್ನು ವೇದಿಕೆ ಮೇಲೆ ಕೂರಿಸಿ ಬೆವರಿಸುವ ಬದಲು ಅಂಗಳಕ್ಕೆ ಕರೆದೊಯ್ದು, ಕಂಬ ಹೇಗೆ ಸುತ್ತಬೇಕು ಅಂತ ನಿಮ್ಮೂರ ಮಕ್ಕಳಿಗೆ ಒಂದು ಗಂಟೆ ತೋರಿಸಿಕೊಡಮ್ಮ ಅನ್ನಬಹುದಿತ್ತು. ಮುಖಂಡರು ಬಂದರಲ್ಲ, ಅವರು ಕಂಬ ಸುತ್ತಿದರೇ?

ಕೋಪ ಮಾಡಿಕೊಳ್ಳಬೇಡಿ. ಇಷ್ಟು ಉದ್ದದ ಉತ್ತರ ಬರೆಯುವುದು ಪ್ರೀತಿಯ ಓದುಗರಿಗೇ. ಪತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದೀರಿ, ಪ್ರಕಟವಾದ ಪತ್ರಕ್ಕೆ ಕೊಡುತ್ತಿದ್ದ 300 ರೂಪಾಯಿ ಬಹುಮಾನ ಈಗಲೂ ಇದೆಯೇ ಅಂತ. ಇದೆ. ಬ್ಯಾಂಕ್ ಖಾತೆಯ ನಂಬರ್ ಕಳಿಸಿ.