ಒಣಗಿದ ಪಾಚಿ ಸತ್ತಿರುವುದಿಲ್ಲ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ತಾರಸಿ ಪಾಚಿ ಕಟ್ಟಿ ಜಾರುತ್ತದೆ. ಬೇಸಿಗೆಯಲ್ಲಿ ಅದು ಒಣಗಿ ಕಪ್ಪು ಹಕ್ಕಳೆಯಾಗುತ್ತದೆ. ಸತ್ತಿತು ಅಂದುಕೊಂಡರೆ ಮೊದಲ ಮಳೆಗೇ ಮತ್ತೆ ಜೀವ! ಇದು ಹೇಗೆ? ಕಲ್ಲುಪ್ಪು ಸುರಿದರೆ ಸಾಯುತ್ತದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಅದು ಸತ್ತಿರಲಿಲ್ಲ, ಕೆಲಸ ನಿಲ್ಲಿಸಿತ್ತು ಅಷ್ಟೇ. ಇಂಥ ಕಪ್ಪು ಪದರದಲ್ಲಿ ಸಾಮಾನ್ಯವಾಗಿ ಇರುವುದು ಸಯನೋಬ್ಯಾಕ್ಟೀರಿಯಾ, ಅಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಇವುಗಳಲ್ಲಿ ನಾಸ್ಟಾಕ್ ಬಹಳ ಗಟ್ಟಿ ಜೀವ. 87 ವರ್ಷ ಒಣಗಿಸಿಟ್ಟಿದ್ದ ಒಂದು ನಾಸ್ಟಾಕ್ ಮಾದರಿಗೆ ಮತ್ತೆ ಜೀವ ಬಂದದ್ದನ್ನು ವಿಜ್ಞಾನಿ ಚಾರ್ಲ್ಸ್ ಲಿಪ್‌ಮನ್ 1941ರಲ್ಲಿ ವರದಿ ಮಾಡಿದರು.

ಗುಟ್ಟು ಇರುವುದು ಸಕ್ಕರೆಯಲ್ಲಿ. ನೀರು ಆರಿದರೆ ಜೀವಕೋಶದ ಪೊರೆ, ಪ್ರೋಟೀನುಗಳ ಆಕಾರ ಕೆಡುತ್ತದೆ. ಆಗ ಟ್ರೆಹಲೋಸ್, ಸುಕ್ರೋಸ್‌ನಂಥ ಸಕ್ಕರೆಗಳು ನೀರಿನ ಜಾಗದಲ್ಲಿ ನಿಂತು ಅವನ್ನು ಕಾಪಾಡುತ್ತವೆ. ಹೊರಗಿನ ಲೋಳೆಯೂ ಸಕ್ಕರೆಯ ಉದ್ದ ಸರಪಳಿಗಳಿಂದಲೇ ಆದದ್ದು. ಅದು ನೀರನ್ನು ಹೀರಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ನಿಮ್ಮ ಕಾಲು ಜಾರುವುದೂ ಅದರಿಂದಲೇ. ಆ ಕಪ್ಪು ಬಣ್ಣವೂ ಸುಮ್ನೆ ಬಂದದ್ದಲ್ಲ. ಸೈಟೊನೆಮಿನ್ ಎಂಬ ಕಂದು ಬಣ್ಣದ ವಸ್ತು ಲೋಳೆಯಲ್ಲಿ ಸೇರಿಕೊಂಡು ಅತಿನೇರಳೆ ಕಿರಣವನ್ನು ತಡೆಯುತ್ತದೆ. ಒಣಗಿರುವಾಗ ಕೋಶಕ್ಕೆ ತನ್ನ ಹಾನಿಯನ್ನು ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ ಅಲ್ವಾ, ಅದಕ್ಕೇ ಈ ಕೊಡೆ ಬೇಕೇ ಬೇಕು. ಮಳೆ ಬಿದ್ದಾಗ ಮೊದಲು ಉಸಿರಾಟ ಶುರುವಾಗುತ್ತದೆ, ಆಮೇಲೆ ದ್ಯುತಿಸಂಶ್ಲೇಷಣೆ. ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸಕ್ಕೆ ಇನ್ನೂ ಕೆಲವು ದಿನ ಬೇಕು.

ಈಗ ಉಪ್ಪಿನ ಮಾತು. ಕೋಶಕ್ಕೆ ಉಪ್ಪೂ ಒಂದು ಬಗೆಯ ಬರವೇ, ಒಳಗಿನ ನೀರು ಹೊರಗೆ ಹೋಗುತ್ತದೆ. ಜೊತೆಗೆ ಸೋಡಿಯಂ ಒಳಗೆ ನುಗ್ಗುವ ಕಾಟ ಬೇರೆ. ಅದನ್ನು ಕೋಶ ಶಕ್ತಿ ಖರ್ಚು ಮಾಡಿ ಹೊರಗೆ ತಳ್ಳಬೇಕು. ಸಿಹಿನೀರಿನ ಜಾತಿಗಳು ಸಕ್ಕರೆಯಿಂದ ಸ್ವಲ್ಪ ಉಪ್ಪು ತಡೆಯುತ್ತವೆ. ಅತಿ ಉಪ್ಪಿನಲ್ಲಿ ಬದುಕುವ ಸಯನೋಬ್ಯಾಕ್ಟೀರಿಯಾ ನೀರನ್ನು ಹಿಡಿದಿಡುವ ಗ್ಲೈಸಿನ್ ಬೀಟೇನ್ ಎಂಬ ವಸ್ತುವನ್ನು ತುಂಬಿಕೊಳ್ಳುತ್ತವೆ. ಉಪ್ಪು ತಡೆಯುವುದರಲ್ಲಿ ಬಹಳ ಗಟ್ಟಿ ಜೀವ ಡುನಾಲಿಯೆಲ್ಲಾ ಸಲೈನಾ ಎಂಬ ಸೂಕ್ಷ್ಮ ಪಾಚಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಇದು 300 ಗ್ರಾಂ ಇದ್ದರೂ ಬದುಕುತ್ತದೆ. ಇದಕ್ಕೆ ಗಟ್ಟಿ ಕೋಶಭಿತ್ತಿ ಇಲ್ಲ, ಹಾಗಾಗಿ ಬೇಗ ಹಿಗ್ಗಿ ಕುಗ್ಗುತ್ತದೆ. ಒಳಗೆ ಗ್ಲಿಸರಾಲ್ ತುಂಬಿಕೊಂಡು ನೀರನ್ನು ಹಿಡಿದಿಡುತ್ತದೆ. ಇಷ್ಟಾದರೂ ಅದಕ್ಕೂ ಮಿತಿ ಇದೆ. ಅತಿ ಉಪ್ಪಿನ ಮೃತ ಸಮುದ್ರದಲ್ಲಿ 1980 ಮತ್ತು 1992ರಲ್ಲಿ ಡುನಾಲಿಯೆಲ್ಲಾ ಕುಲದ ಪಾಚಿ ಜೋರಾಗಿ ಹಬ್ಬಿದ್ದು, ಮಳೆನೀರು ಸೇರಿ ಮೇಲಿನ ಪದರದ ಉಪ್ಪು ಕಡಿಮೆಯಾದ ಮೇಲೆ.

ನಿಮ್ಮ ತಾರಸಿಗೆ ಮಾತ್ರ ಕಲ್ಲುಪ್ಪು ದಯವಿಟ್ಟು ಬೇಡ. ಮಳೆ ಅದನ್ನು ತೊಳೆದುಬಿಡುತ್ತದೆ, ಪಾಚಿ ಮತ್ತೆ ಬರುತ್ತದೆ. ಕಾಂಕ್ರೀಟಿನೊಳಗೆ ಇಳಿದ ಉಪ್ಪು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಮಳೆಗಾಲಕ್ಕೆ ಮುಂಚೆ, ಹಕ್ಕಳೆ ಒಣಗಿದ್ದಾಗಲೇ ಗಟ್ಟಿ ಬ್ರಷ್‌ನಿಂದ ಕೆರೆದು ಗುಡಿಸಿ ತೆಗೆಯಿರಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ನೀರು ನಿಲ್ಲುವ ತಗ್ಗುಗಳಿದ್ದರೆ ಇಳಿಜಾರು ಸರಿ ಮಾಡಿಸಿ.